ಕೆಂಪು ಕ್ಲಿಪ್ಪು ಮೊದಲು

ಮೊದಲ ಸಲ ಕಾರು ಕೈಕೊಟ್ಟಾಗ ವೇಣಿ ಪಕ್ಕದ ಸೀಟಿನಲ್ಲಿ ಸೆಟೆದುಕೊಂಡು ಬಿದ್ದಿದ್ದಳು. ಕಣ್ಣುಗುಡ್ಡೆ ಮೇಲೆ ಹೋಗಿ, ಬಾಯಿಯ ಒಂದು ಬದಿಯಿಂದ ಜೊಲ್ಲು ಇಳಿಯುತ್ತಿತ್ತು. ಕೃಪಾ ಕೀಲಿ ತಿರುವಿದಳು. ಬಾನೆಟ್ಟಿನೊಳಗೆಲ್ಲೋ ಟಕ್ ಎಂದಿತು, ಅಷ್ಟೆ. ಮತ್ತೆ ತಿರುವಿದಳು. ಮತ್ತೆ ಟಕ್. ಆಮೇಲೆ ಅದೂ ಇಲ್ಲ. ಮಗಳನ್ನು ಎತ್ತಿಕೊಂಡು ದೊಡ್ಡನೆಕ್ಕುಂದಿಯ ಆ ಇಕ್ಕಟ್ಟು ಬೀದಿಯುದ್ದಕ್ಕೂ ಓಡಿ, ಕಣ್ಣಿಗೆ ಬಿದ್ದ ಆಟೋಗೆ ಅಡ್ಡ ನಿಂತು ಹತ್ತಿದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಫಿಟ್ಸು ತಾನಾಗಿಯೇ ನಿಂತಿತ್ತು. ಆರು ವರ್ಷದ ಮಗು ಏನೂ ಆಗಿಲ್ಲವೆನ್ನುವಂತೆ ಅಮ್ಮನ ಭುಜದ ಮೇಲೆ ನಿದ್ದೆ ಹೋಗಿತ್ತು.

"ಈ ಸಲ ಬಚಾವಾದ್ರಿ," ಎಂದರು ಡಾಕ್ಟರಮ್ಮ. "ಇವಳಿಗೆ ಕೆಲವು ಸಲ ತಾನಾಗಿ ನಿಲ್ಲಲ್ಲ. ಬಂದ ತಕ್ಷಣ ಟೈಮ್ ನೋಡ್ಕೊಳ್ಳಿ, ನಾನು ಹೇಳಿಕೊಟ್ಟ ಹಾಗೆ ಮೂಗಿಗೆ ಸ್ಪ್ರೇ ಹಾಕಿ. ಐದು ನಿಮಿಷದಲ್ಲಿ ಅದಕ್ಕೂ ಜಗ್ಗಲಿಲ್ಲ ಅಂದ್ರೆ ಯಾವ ಗಾಡಿ ಮೊದಲು ಸಿಗುತ್ತೋ ಅದರಲ್ಲಿ ಬಂದ್ಬಿಡಿ. ತಡ ಆದಷ್ಟೂ ಮಿದುಳಿಗೆ ಏಟು."

ಆ ಮಾತು ಕೃಪಾಳ ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತು. ಫಿಟ್ಸು ಯಾವಾಗ ಬರುತ್ತದೆಂದು ಯಾರೂ ಹೇಳುವಂತಿರಲಿಲ್ಲ. ಮಾತ್ರೆ ತಪ್ಪಿಸದೆ ಕೊಡುವುದನ್ನು ಬಿಟ್ಟರೆ ಅವಳ ಕೈಯಲ್ಲಿ ಏನೂ ಇರಲಿಲ್ಲ. ಆಂಬುಲೆನ್ಸು ಹೊರವರ್ತುಲ ರಸ್ತೆಯ ಜಾಮಿನಲ್ಲಿ ಸಿಕ್ಕಿಕೊಂಡು ಒದ್ದಾಡಿದ್ದನ್ನು ಒಮ್ಮೆ ನೋಡಿದ್ದಳು. ಕ್ಯಾಬ್ ಡ್ರೈವರುಗಳು ಮಗುವಿನ ಸ್ಥಿತಿ ಕಂಡು ಬಾಗಿಲು ತೆರೆಯದೆ ಹೋಗಿದ್ದನ್ನೂ ನೋಡಿದ್ದಳು. ಉಳಿದದ್ದು ಕಾರು. ಅದೊಂದು ಯಂತ್ರ. ಅದನ್ನಾದರೂ ಸರಿಯಾಗಿ ಇಟ್ಟುಕೊಳ್ಳಬಹುದಲ್ಲ!

ಗಂಡ ಹರ್ಷವರ್ಧನ್ ಪೀಣ್ಯದ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಊರಿನ ಈ ತುದಿಯಿಂದ ಆ ತುದಿಗೆ ಮೆಟ್ರೋದಲ್ಲಿ ಹೋಗಿ ಬರುತ್ತಿದ್ದ. ಮಗಳಿಗಾಗಿ ಕೆಲಸ ಬಿಟ್ಟಿದ್ದ ಕೃಪಾ ಮನೆಯಲ್ಲೇ ಇರುತ್ತಿದ್ದಳು. ಹಾಗಾಗಿ ಕಾರು ವಾರಗಟ್ಟಲೆ ಕಟ್ಟಡದ ಕೆಳಗೆ, ಕಂಬಗಳ ನಡುವೆ ನಿಂತಿರುತ್ತಿತ್ತು. ಗ್ಯಾರೇಜಿನವನು ಬಂದು ನೋಡಿ, "ಬ್ಯಾಟರಿ ಕೆಟ್ಟಿಲ್ಲ ಮೇಡಂ. ನಿಂತೂ ನಿಂತೂ ಇಳಿದೋಗುತ್ತೆ. ಗಾಡಿ ಆಫ್ ಆಗಿದ್ರೂ ಲಾಕು, ಅಲಾರಂ ಅಂತ ಒಳಗೊಳಗೇ ಕರೆಂಟ್ ಕುಡೀತಾನೇ ಇರುತ್ತೆ. ಒಂದೋ ದಿನಾ ದೂರ ಓಡಿಸಿ, ಇಲ್ಲ ಚಾರ್ಜರ್ ಹಾಕಿಟ್ಟುಬಿಡಿ. ಸುಮ್ನೆ ನಿಂತಲ್ಲೇ ಸ್ಟಾರ್ಟ್ ಮಾಡಿ ಆಫ್ ಮಾಡ್ಬೇಡಿ, ಇನ್ನೂ ಇಳಿಯುತ್ತೆ," ಎಂದ.

ಹರ್ಷ ಚಾರ್ಜರ್ ತಂದ. ಅಂಗೈ ಅಗಲದ ಡಬ್ಬಿ, ಅದರಿಂದ ಹೊರಟ ಎರಡು ತಂತಿ, ತುದಿಗಳಲ್ಲಿ ಮೊಸಳೆಬಾಯಿಯಂಥ ಕೆಂಪು ಮತ್ತು ಕಪ್ಪು ಕ್ಲಿಪ್ಪುಗಳು. ಬ್ಯಾಟರಿ ತುಂಬಿದ ಮೇಲೂ ತಿಂಗಳುಗಟ್ಟಲೆ ಹಾಗೇ ಬಿಡಬಹುದಾದಂಥದ್ದು, ಬೇಕಾದಷ್ಟೇ ಕೊಟ್ಟು ಸುಮ್ಮನಾಗುತ್ತದೆ ಎಂದು ಹೇಳಿ ಬಾನೆಟ್ ಎತ್ತಿ ತೋರಿಸಿದ.

"ಗಾಡಿ ಆಫ್, ಕೀ ಹೊರಗೆ. ಚಾರ್ಜರ್‌ಗೆ ಇನ್ನೂ ಕರೆಂಟ್ ಕೊಟ್ಟಿರಬಾರದು. ಕೆಂಪು ಮೊದಲು, ಬ್ಯಾಟರಿಯ ಪ್ಲಸ್‌ಗೆ. ಆಮೇಲೆ ಕಪ್ಪು. ಅದು ಬ್ಯಾಟರಿಗಲ್ಲ, ಇಲ್ಲಿ ನೋಡು, ಇಂಜಿನ್ ಪಕ್ಕ, ಪೇಂಟ್ ಇಲ್ಲದ ಈ ಬೋಲ್ಟ್‌ಗೆ. ಬ್ಯಾಟರಿಯಿಂದ ಗ್ಯಾಸ್ ಬರುತ್ತೆ. ಕಡೇ ಕ್ಲಿಪ್ ಹಾಕುವಾಗ ಅಕಸ್ಮಾತ್ ಕಿಡಿ ಹಾರಿದ್ರೂ ಅದರಿಂದ ದೂರ ಹಾರ್ಲಿ ಅಂತ. ಎಲ್ಲಾ ಆದ ಮೇಲೆ ಸ್ವಿಚ್ಚು. ತೆಗೆಯುವಾಗ ಉಲ್ಟಾ. ಮೊದಲು ಸ್ವಿಚ್ಚು, ಆಮೇಲೆ ಕಪ್ಪು, ಕೊನೆಗೆ ಕೆಂಪು."

"ಇಷ್ಟೇನಾ?" ಎಂದಳು ಕೃಪಾ. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ಕಳೆ ಬಂದಿತ್ತು.

ಆದರೆ ಸ್ವಿಚ್ಚು ಎಲ್ಲಿ? ಕೆಳಗೆ ಕಂಬಗಳ ನಡುವೆ ಒಂದೂ ಪ್ಲಗ್ ಪಾಯಿಂಟ್ ಇರಲಿಲ್ಲ. ಮನೆಯೊಡತಿ ಭದ್ರಮ್ಮನನ್ನು ಕೇಳಬೇಕಿತ್ತು.

ಭದ್ರಮ್ಮ ಆ ಊರಿನ ಹಳಬರು. ಕಟ್ಟಡ ನಿಂತ ಜಾಗದಲ್ಲಿ ಅವರು ಸೊಸೆಯಾಗಿ ಬಂದಾಗ ರಾಗಿ ಕಣವಿತ್ತಂತೆ. ಈಗ ಮೂರು ಮಹಡಿ, ಆರು ಬಾಡಿಗೆ ಮನೆ. ಕೆಳಗಿನ ಮನೆಯಲ್ಲಿ ಅವರೂ ಗಂಡ ಗೋಪಾಲಪ್ಪನವರೂ ಇದ್ದರು. ವೇಣಿಯನ್ನು ಕಂಡರೆ ಭದ್ರಮ್ಮನಿಗೆ ಪ್ರಾಣ. ಆದರೆ ಚಾರ್ಜರಿನ ಮಾತು ಎತ್ತುತ್ತಲೇ ಅವರ ಮುಖ ಬಿಗಿಯಿತು.

"ಆಗಾಕಿಲ್ಲ ಕೃಪಾ. ಬೇರೆ ಏನಾರಾ ಕೇಳು."

"ಅಮ್ಮಾ, ಇದು ವೇಣಿಗೋಸ್ಕರ..."

"ನಿಂಗೇನು ಗೊತ್ತಿಲ್ವಾ? ಅವತ್ತು ನಮ್ ಮೈದುನನ ಮಗ ಆ ಕರೆಂಟ್ ಸ್ಕೂಟ್ರನ್ನ ಇಲ್ಲೇ ಚಾರ್ಜಿಗಾಕಿ ಓದ. ಢಮ್ ಅಂತು. ಇವ್ರು ನೀರಿನ ಬಕೀಟು ಇಡ್ಕೊಂಡು ಓಡೋದ್ರು. ಇವ್ರ ಕೈ ನೋಡಿದ್ಯಲ್ಲ?"

ಕೃಪಾ ನೋಡಿದ್ದಳು. ಒಳಗೆ ಟೀವಿಯ ಮುಂದೆ ಕೂತಿದ್ದ ಗೋಪಾಲಪ್ಪನವರ ಎರಡೂ ಅಂಗೈ ಮುದುರಿದ ಪ್ಲಾಸ್ಟಿಕ್ ಹಾಳೆಯಂತಿದ್ದವು. ಅನ್ನ ಕಲಸಲಿಕ್ಕೂ ಬರುತ್ತಿರಲಿಲ್ಲ, ಭದ್ರಮ್ಮನೇ ತಿನ್ನಿಸುತ್ತಿದ್ದರು. ಕೆಳಗಿನ ಚಾವಣಿಯ ಒಂದು ಮೂಲೆ ಎಷ್ಟು ಸುಣ್ಣ ಬಳಿದರೂ ಇನ್ನೂ ಕಪ್ಪು.

"ಅದು ಬೇರೆ ಥರ ಬ್ಯಾಟರಿ ಅಮ್ಮಾ. ಇದು ಅಂಥದ್ದಲ್ಲ."

"ಬೆಂಕಿ ಬೇರೆ ತರ ಇರ್ತದಾ? ಬ್ಯಾಡ ಅಂದ್ರೆ ಬ್ಯಾಡ. ಮ್ಯಾಲೆ ಎಷ್ಟು ಮಕ್ಳವ್ರೆ ಈ ಬಿಲ್ಡಿಂಗ್ನಾಗೆ."

ಕೃಪಾ ಮೆಟ್ಟಿಲು ಹತ್ತಿದಳು. ಹರ್ಷ ಬೇರೆ ದಾರಿ ಯೋಚಿಸಿದ. ಬ್ಯಾಟರಿ ಬಿಚ್ಚಿ ಮನೆಗೆ ತಂದು ಚಾರ್ಜ್ ಮಾಡೋಣ ಎಂದ. "ಅದು ಮನೇಲಿರೋ ಹೊತ್ತಲ್ಲೇ ಫಿಟ್ಸು ಬಂದ್ರೆ?" ಎಂದಳು ಅವಳು. ಆಗ ಅವನು ಪ್ರತಿ ಭಾನುವಾರ ಹೊಸಕೋಟೆಯವರೆಗೆ ಓಡಿಸಿಕೊಂಡು ಬರುತ್ತೇನೆ ಎಂದು ಮಾತು ಕೊಟ್ಟ.

ಆದರೆ ಭಾನುವಾರದಿಂದ ಭಾನುವಾರಕ್ಕೆ ದೂರವಾಗುತ್ತಿತ್ತು. ಕೃಪಾಳಿಗೆ ನಂಬಿಕೆ ಉಳಿದಿರಲಿಲ್ಲ. ದಿನಕ್ಕೊಮ್ಮೆ, ಕೆಲವು ದಿನ ಎರಡು ಸಲ, ಕೆಳಗಿಳಿದು ಕೀಲಿ ತಿರುವಿ ನೋಡುತ್ತಿದ್ದಳು. ಇಂಜಿನ್ ಗುರ್ ಎಂದರೆ ಉಸಿರು ಬಿಟ್ಟು ಆಫ್ ಮಾಡಿ ಬರುತ್ತಿದ್ದಳು. ಹಾಗೆ ಮಾಡಬಾರದೆಂದು ಗ್ಯಾರೇಜಿನವನು ಹೇಳಿದ್ದು ನೆನಪಿತ್ತು. ಆದರೂ ಕೈ ಕೇಳುತ್ತಿರಲಿಲ್ಲ. ಪ್ರತಿ ಸಲವೂ ಇಂಜಿನ್ನಿನ ಸದ್ದು ಒಂದಿಷ್ಟು ಸೋತಂತೆ ಕೇಳುತ್ತಿತ್ತು.

ಕೊನೆಗೊಂದು ಬೆಳಿಗ್ಗೆ ಭದ್ರಮ್ಮ ಮಾರಮ್ಮನ ಗುಡಿಗೆ ಹೋದದ್ದನ್ನು ಬಾಲ್ಕನಿಯಿಂದ ನೋಡಿ, ಎಕ್ಸ್‌ಟೆನ್ಷನ್ ವೈರನ್ನು ಎರಡನೆಯ ಮಹಡಿಯಿಂದ ಕೆಳಗೆ ಇಳಿಬಿಟ್ಟಳು. ವೇಣಿ ಒಳಗೆ ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಳು. ಅವಳನ್ನು ಒಬ್ಬಳೇ ಬಿಟ್ಟು ಬಂದ ಭಯ, ಭದ್ರಮ್ಮ ಬಂದುಬಿಟ್ಟರೆ ಎಂಬ ಭಯ. ಆತುರದಲ್ಲಿ ಮೇಲಿನ ಸ್ವಿಚ್ಚು ಹಾಕಿಯೇ ಇಳಿದಿದ್ದಳು. ಕೆಂಪು ಕ್ಲಿಪ್ಪು ಕೂತಿತು. ಕಪ್ಪನ್ನು ಬೋಲ್ಟಿಗೆ ಹಾಕಬೇಕೆಂಬುದು ಆ ಗಳಿಗೆಗೆ ಮರೆತುಹೋಗಿ ಬ್ಯಾಟರಿಯ ಇನ್ನೊಂದು ತುದಿಗೇ ಒತ್ತಿದಳು. ಚಟ್ ಎಂದು ನೀಲಿ ಕಿಡಿ ಹಾರಿತು. ಕೃಪಾ ಕೂಗಿಕೊಂಡು ಹಿಂದಕ್ಕೆ ಬಿದ್ದಳು.

ಭದ್ರಮ್ಮ ಹೂವಿನ ಬುಟ್ಟಿ ಹಿಡಿದು ಗೇಟಿನಲ್ಲಿ ನಿಂತಿದ್ದರು.

ಅವರು ಬೈಯಲಿಲ್ಲ. ಅದೇ ಕೃಪಾಳಿಗೆ ಹೆಚ್ಚು ನೋವಾದದ್ದು. ಬುಟ್ಟಿಯಿಂದ ಹೂವು ಕೆಳಗೆ ಉದುರುತ್ತಿದ್ದರೂ ಅವರಿಗೆ ಗಮನವಿರಲಿಲ್ಲ. "ಮೇಲೋಗಿ ಆಫ್ ಮಾಡು," ಎಂದಷ್ಟೇ ಅಂದರು. ಅವಳು ಆಫ್ ಮಾಡಿ ಬಂದಾಗ, "ಇನ್ನೊಂದ್ಸಲ ಇಂಗ್ಮಾಡಿದ್ರೆ ಮನೆ ಖಾಲಿ ಮಾಡ್ಬುಡಿ. ನಂಗೆ ತಡ್ಕಳ್ಳೋ ಶಕ್ತಿ ಇಲ್ಲ," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಕೃಪಾ ಚಾರ್ಜರನ್ನು ಸುತ್ತಿ ಅಟ್ಟದ ಮೇಲೆ ಎಸೆದಳು. ಹೇಗೆ ಹಾಕಬೇಕೆಂದು ಕಲಿತೂ ತಪ್ಪು ಮಾಡಿದ್ದಳು. ಭದ್ರಮ್ಮನದೇ ಸರಿ ಎನಿಸಿತು. ಹಾಗೆನಿಸಿದ್ದಕ್ಕೆ ಇನ್ನೂ ಸಿಟ್ಟು ಬಂತು.

ಆ ಭಾನುವಾರ ಕಾರ್ಖಾನೆಯಲ್ಲಿ ಮೆಷಿನ್ ಕೆಟ್ಟು ಹರ್ಷ ಹೋಗಲೇಬೇಕಾಯಿತು. ಹೊಸಕೋಟೆ ತಪ್ಪಿತು. ಶುಕ್ರವಾರ ಮಧ್ಯಾಹ್ನ ವೇಣಿ ಮೊಸರನ್ನ ತಿನ್ನುತ್ತಾ ಚಮಚ ಕೆಳಗೆ ಬಿಟ್ಟಳು. "ಅಮ್ಮಾ, ಬಾಯಿ ಒಂಥರಾ..." ಎಂದಳು. ಮಾತು ಮುಗಿಯಲಿಲ್ಲ.

ಕೃಪಾ ಅವಳನ್ನು ಮಗ್ಗುಲಿಗೆ ಮಲಗಿಸಿದಳು. ಗಡಿಯಾರ ನೋಡಿದಳು. ಮೂಗಿಗೆ ಸ್ಪ್ರೇ ಹಾಕಿದಳು. ನಿಲ್ಲು ತಾಯಿ, ನಿಲ್ಲು, ಎಂದು ಬಾಯಲ್ಲೇ ಹೇಳಿಕೊಳ್ಳುತ್ತಾ ಕೂತಳು. ಕೈಕಾಲು ಎಳೆಯುವುದು ನಿಲ್ಲಲಿಲ್ಲ. ಮುಳ್ಳು ತಿರುಗುತ್ತಾ ಹೋಯಿತು. ಡಾಕ್ಟರು ಹೇಳಿದ ಹೊತ್ತು ಮೀರಿತು. ಆಂಬುಲೆನ್ಸಿಗೆ ಫೋನು ಮಾಡಿ ಸ್ಪೀಕರಿನಲ್ಲಿಟ್ಟು, ಮಗಳನ್ನು ಎತ್ತಿಕೊಂಡು ಇಳಿದಳು. "ಗಾಡಿ ಮಾರತ್ತಹಳ್ಳಿ ಹತ್ರ ಇದೆ ಮೇಡಂ, ಟ್ರಾಫಿಕ್ ಇದೆ, ಬರ್ತಾ ಇದ್ದಾರೆ," ಎನ್ನುತ್ತಿತ್ತು ಫೋನು.

ಪಕ್ಕದ ಸೀಟು ಹಿಂದಕ್ಕೆ ಒರಗಿಸಿ ಮಲಗಿಸಿದಳು. ಬೆಲ್ಟು ಹಾಕಿದಳು. ಕೀಲಿ ತಿರುವಿದಳು.

ಟಕ್.

"ಬೇಡ... ಬೇಡ ಕಣೋ, ಇವತ್ತು ಬೇಡ..." ಕಾರಿಗೆ ಹೇಳುತ್ತಿದ್ದಾಳೋ ದೇವರಿಗೋ ಅವಳಿಗೇ ಗೊತ್ತಿರಲಿಲ್ಲ. ಮತ್ತೆ ತಿರುವಿದಳು. ಮೀಟರಿನ ದೀಪಗಳು ಮಿಣುಕಿ ಆರಿದವು. ಸ್ಟೇರಿಂಗಿಗೆ ಹಣೆ ಚಚ್ಚಿಕೊಂಡಳು. ಮಗಳ ತುಟಿ ನೀಲಿಗೆ ತಿರುಗುವುದು ಕಂಡಿತು. ಆಗ ಅವಳ ಗಂಟಲಿನಿಂದ ಹೊರಟ ಕೂಗು ಕಟ್ಟಡದ ಮೂರೂ ಮಹಡಿಗೆ ಕೇಳಿಸಿತು.

ಭದ್ರಮ್ಮ ಬರಿಗಾಲಲ್ಲಿ ಓಡಿಬಂದರು. ಕಾರಿನೊಳಗೆ ಒಂದು ಸಲ ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬೀದಿಗೆ ಓಡಿ, ಎರಡೂ ಕೈ ಅಗಲಿಸಿ ನಡುರಸ್ತೆಯಲ್ಲಿ ನಿಂತುಬಿಟ್ಟರು. ಕುಡಿಯುವ ನೀರಿನ ಕ್ಯಾನು ತುಂಬಿದ ಮೂರು ಚಕ್ರದ ಗೂಡ್ಸ್ ಆಟೋ ಅವರ ಮೊಣಕಾಲಿಗೆ ಗೇಣು ದೂರದಲ್ಲಿ ನಿಂತಿತು.

"ಸಾಯಾಕ ಬಂದೀರೇನ್ರಿ ಅಮ್ಮಾರ?" ಎಂದು ಗದರಿದ ಡ್ರೈವರ್. ಯಾದಗಿರಿ ಕಡೆಯ ಮರೆಪ್ಪ, ಆ ಬೀದಿಗೆಲ್ಲ ನೀರು ಹಾಕುವವನು. ಕಾರಿನಿಂದ ಎತ್ತಿಕೊಂಡು ಓಡಿಬಂದ ಕೃಪಾಳ ತೋಳಲ್ಲಿದ್ದ ಮಗುವನ್ನು ಕಂಡವನೇ ಗದರುವುದು ಬಿಟ್ಟು ಬಾಗಿಲು ತೆರೆದ. "ಹತ್ರಿ ಅಕ್ಕಾರ, ಲಗೂನ ಹತ್ರಿ. ಹುಡುಗೀನ ಗಟ್ಟಿ ಹಿಡೀರಿ."

ಹಿಂದೆ ಭದ್ರಮ್ಮ ಆಗಲೇ ಹತ್ತಿ, ಗಾಡಿ ಹಗುರಾಗಲೆಂದು ಕ್ಯಾನುಗಳನ್ನು ರಸ್ತೆಗೆ ಉರುಳಿಸುತ್ತಿದ್ದರು. ಒಂದೆರಡು ಒಡೆದು ನೀರು ಹರಿಯಿತು. ಮರೆಪ್ಪ ತಿರುಗಿಯೂ ನೋಡಲಿಲ್ಲ. ಗಾಡಿ ಹೊರಟಿತು.

ದೊಡ್ಡ ರಸ್ತೆಯ ಬಾಯಲ್ಲೇ ಜಾಮು. ಕಂಪನಿ ಬಸ್ಸುಗಳು, ಟ್ಯಾಂಕರುಗಳು, ಒಂದಕ್ಕೊಂದು ಅಂಟಿ ನಿಂತಿದ್ದವು. ಮರೆಪ್ಪ ಹಾರ್ನಿನ ಮೇಲಿಂದ ಕೈ ತೆಗೆಯಲಿಲ್ಲ. ಯಾರು ಎಲ್ಲಿಗೆಂದು ಸರಿಯಬೇಕು? ಕೃಪಾಳ ತೊಡೆಯ ಮೇಲೆ ವೇಣಿಯ ಮೈ ಒಂದೇ ಸಮನೆ ಜಗ್ಗುತ್ತಿತ್ತು. ಉಸಿರು ಗೊರಗೊರ ಎನ್ನುತ್ತಿತ್ತು. ಮಗುವಿನ ಬಾಯಿ ಒರೆಸುತ್ತಾ ಅವಳು ಲೆಕ್ಕವಿಲ್ಲದ ಹರಕೆಗಳನ್ನು ಹೊತ್ತಳು. ತಿರುಪತಿಗೆ, ಮಾರಮ್ಮನಿಗೆ, ಹೆಸರು ಗೊತ್ತಿಲ್ಲದ ದರ್ಗಾಕ್ಕೆ. ನನ್ನ ಕೈಕಾಲು ತಗೋ, ನನ್ನ ಕಣ್ಣು ತಗೋ.

ಕ್ಯಾಬಿನ್ನಿನ ತಗಡು ದಬದಬ ಎಂದಿತು. ಭದ್ರಮ್ಮ ಹಿಂದಿನಿಂದ ಬಡಿಯುತ್ತಿದ್ದರು.

"ತಿರುಗ್ಸಪ್ಪ! ಎಡಕ್ಕೆ ತಿರುಗ್ಸು! ಕೆರೆ ಏರಿ ಮ್ಯಾಲೆ ಓಗು!"

"ಅಲ್ಲಿ ದಾರಿ ಇಲ್ರಿ ಅಮ್ಮಾರ, ಗೇಟ್ ಹಾಕ್ಯಾರ!"

"ನಮ್ಮೊಲಕ್ಕೆ ಗಾಡಿ ಓಡಿಸ್ತಿದ್ದ ದಾರಿ ಅದು! ನೀ ನಡಿ, ಗೇಟು ನಾ ನೋಡ್ಕಂತೀನಿ!"

ಏರಿಯ ಮೇಲೆ ಗಾಡಿ ಎಗರೆಗರಿ ಓಡಿತು. ಕೊನೆಯಲ್ಲಿ ದೊಡ್ಡ ಲೇಔಟೊಂದರ ಹಿಂಬದಿಯ ಕಬ್ಬಿಣದ ಗೇಟು. ಆಚೆ ಕಾವಲುಗಾರ ಕುರ್ಚಿಯಲ್ಲಿ ಕೂತಿದ್ದ. ಭದ್ರಮ್ಮ ಗಾಡಿ ನಿಲ್ಲುವ ಮೊದಲೇ ಹಾರಿ, ಗೇಟಿನ ಸರಳು ಹಿಡಿದು ಅಲುಗಾಡಿಸಿದರು. "ತೆಗಿಯೋ! ಮಗು ಸಾಯ್ತೈತೆ, ತೆಗಿಯೋ ನಿನ್ ದಮ್ಮಯ್ಯ!" ಅವನು ಪರ್ಮಿಷನ್ನು ಎಂದೇನೋ ಅಂದ. ಆ ಹೆಂಗಸಿನ ಮುಖ ನೋಡಿ ಮಾತು ಅಲ್ಲಿಗೇ ಬಿಟ್ಟು ಚಿಲಕ ಸರಿಸಿದ. ಭದ್ರಮ್ಮ ಮತ್ತೆ ಹತ್ತಿದ್ದೇ, ಲೇಔಟಿನ ಖಾಲಿ ರಸ್ತೆಯಲ್ಲಿ ಹಾದು ಬ್ರೂಕ್‌ಫೀಲ್ಡ್ ಕಡೆಗೆ ಬಿದ್ದರು. ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರು ಬಂತು. ಯಾರೋ ಕೃಪಾಳ ತೋಳಿನಿಂದ ಮಗುವನ್ನು ತೆಗೆದುಕೊಂಡರು. ಬಾಗಿಲು ಮುಚ್ಚಿತು.

ಆಮೇಲಿನದು ಕಾಯುವುದಷ್ಟೆ. ಫಿಟ್ಸು ನಿಲ್ಲಿಸಲು ಮಗುವನ್ನು ಔಷಧದಲ್ಲಿ ಮಲಗಿಸಿ ಉಸಿರಾಟದ ಯಂತ್ರ ಹಾಕಿದ್ದೇವೆ, ಎಚ್ಚರವಾದ ಮೇಲೆಯೇ ಏನಾದರೂ ಹೇಳಬಹುದು, ಎಂದರು ಡಾಕ್ಟರು. ಹರ್ಷ ಪೀಣ್ಯದಿಂದ ಬಂದು ಗೋಡೆಗೆ ಒರಗಿ ನಿಂತ. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಭದ್ರಮ್ಮ ಬೆಂಚಿನ ತುದಿಯಲ್ಲಿ ಕೂತಿದ್ದರು. ಬರಿಗಾಲಿಗೆ ಗಾಜೋ ಕಲ್ಲೋ ಚುಚ್ಚಿ ರಕ್ತ ಒಣಗಿತ್ತು. ಕೃಪಾ ಅವರ ಮುಂದೆ ಹೋಗಿ ನಿಂತಳು.

"ನೀವು ಬೇಡ ಅಂದ್ರಿ," ಎಂದಳು. "ಒಂದು ಪ್ಲಗ್ ಪಾಯಿಂಟು. ಅಷ್ಟೇ ಕೇಳಿದ್ದು ನಾನು. ಈಗ ಅವಳು ಏಳದಿದ್ರೆ..."

"ಕೃಪಾ," ಎಂದ ಹರ್ಷ.

"ಏನು ಕೃಪಾ? ಹೊಸಕೋಟೆಗೆ ಹೋಗ್ತೀನಿ ಅಂದೋನು ನೀನು! ದಿನಾ ಕೀ ತಿರುಗಿಸಿ ತಿರುಗಿಸಿ ಇದ್ದ ಬ್ಯಾಟರೀನೂ ಇಳಿಸಿದೋಳು ನಾನು!" ಅವಳು ನೆಲದ ಮೇಲೆ ಕೂತುಬಿಟ್ಟಳು.

ಭದ್ರಮ್ಮ ಎದ್ದು ಬಂದು ಪಕ್ಕದಲ್ಲಿ ನೆಲದ ಮೇಲೆಯೇ ಕೂತರು. "ಬಯ್ಯವ್ವ," ಎಂದರು. "ನಂಗೆ ಆ ಬೆಂಕಿ ಇನ್ನೂ ಕಣ್ಣಾಗೇ ಐತೆ. ಇವ್ರ ಕೂಗು ಕಿವ್ಯಾಗೇ ಐತೆ. ನಿನ್ ಕೂಗೂ ಇನ್ಮ್ಯಾಕೆ ಅಲ್ಲೇ ಇರ್ತದೆ. ಬಯ್ಯಿ, ನಾ ಎದ್ದೋಗಾಕಿಲ್ಲ."

ಅವರು ಹೋಗಲಿಲ್ಲ. ಮಾರನೆಯ ದಿನ ಸಂಜೆಯವರೆಗೂ ಅಲ್ಲೇ ಇದ್ದರು. ಅನ್ನ ತಿನ್ನಿಸಲು ತಾವಿಲ್ಲದೆ ಗಂಡ ಏನು ಮಾಡುತ್ತಿದ್ದಾರೋ ಎಂದು ಯಾರಿಗೋ ಫೋನು ಮಾಡಿ ಕೇಳಿಕೊಂಡದ್ದು ಕೃಪಾಳ ಕಿವಿಗೆ ಬಿತ್ತು. ಆಗಲೂ ಅವಳು ಅವರೊಡನೆ ಮಾತಾಡಲಿಲ್ಲ.

ಮಗು ಕಣ್ಣು ಬಿಟ್ಟಿತು. ಅಮ್ಮನನ್ನು ಗುರುತು ಹಿಡಿಯಿತು. ಮಾತು ಎರಡು ದಿನ ತಡವಾಗಿ ಬಂತು, ಬಲಗೈಯಲ್ಲಿ ಶಕ್ತಿ ಕಡಿಮೆಯಾಗಿತ್ತು. ವ್ಯಾಯಾಮ ಮಾಡಿಸಿದರೆ ಬರಬಹುದು ಎಂದರು. ಬರುತ್ತದೆ ಎನ್ನಲಿಲ್ಲ. ಕೃಪಾ ಆ 'ಬಹುದು' ಎಂಬುದನ್ನೇ ಹಿಡಿದುಕೊಂಡು ಮನೆಗೆ ಬಂದಳು.

ಗೇಟಿನೊಳಗೆ ಕಾಲಿಡುತ್ತಲೇ ಅವಳಿಗೆ ಕಂಡದ್ದು ಕಾರಿನ ಪಕ್ಕದ ಕಂಬ. ಅದರ ಮೇಲೆ ಎದೆಯೆತ್ತರಕ್ಕೆ ಹೊಸ ಸ್ವಿಚ್ ಬೋರ್ಡು, ಮಳೆ ನೀರು ಬೀಳದಂತೆ ಮುಚ್ಚಳ, ಪಕ್ಕದಲ್ಲಿ ಎಂಸಿಬಿ ಪೆಟ್ಟಿಗೆ. ಸ್ವಲ್ಪ ದೂರದಲ್ಲಿ ಗೋಡೆಗೆ ಕೆಂಪು ಬಣ್ಣದ ಬೆಂಕಿ ಆರಿಸುವ ಸಿಲಿಂಡರ್. ಗೋಪಾಲಪ್ಪನವರು ಬಾಗಿಲಲ್ಲಿ ನಿಂತಿದ್ದರು.

"ನಾನೇ ನಿಂತ್ಕಂಡು ಮಾಡ್ಸಿದೆ," ಎಂದರು. "ಕರೆಂಟ್ ಓವರ್ ಆದ್ರೆ ತಾನೇ ಕಟ್ ಆಯ್ತದಂತೆ. ಇವ್ಳು ಆಸ್ಪತ್ರೆಯಿಂದ್ಲೇ ಫೋನ್ ಮಾಡಿ ಪ್ರಾಣ ತಿಂದ್ಳು."

ಒಳಗಿಂದ ಬಂದ ಭದ್ರಮ್ಮ ವೇಣಿಯನ್ನು ಒಳಗೆ ಕರೆದುಕೊಂಡು ಹೋಗಿ ಗೋಪಾಲಪ್ಪನವರ ಪಕ್ಕ ಟೀವಿಯ ಮುಂದೆ ಕೂರಿಸಿದರು.

ಹರ್ಷ ಬ್ಯಾಟರಿ ಬದಲಾಯಿಸಿದ್ದ. ಇನ್ನು ಅದನ್ನು ಇಳಿಯಗೊಡಬಾರದು. ಕೃಪಾ ಚಾರ್ಜರ್ ತಂದು ಬಾನೆಟ್ ಎತ್ತಿದಳು. ಕೈಗೆತ್ತಿಕೊಂಡ ಕ್ಲಿಪ್ಪನ್ನು ಮತ್ತೆ ಕೆಳಗಿಟ್ಟಳು. ಆ ನೀಲಿ ಕಿಡಿ ಕಣ್ಣ ಮುಂದೆ ಬಂತು. ಹರ್ಷ ಮುಂದೆ ಬಂದ. ಅವಳು ಬೇಡವೆಂದಳು. ಅವನು ಮನೆಯಲ್ಲಿಲ್ಲದಾಗ ಹಾಕಬೇಕಾದವಳು ಅವಳೇ ಅಲ್ಲವೇ.

ಹಿಂದಿನಿಂದ ಭದ್ರಮ್ಮನ ಧ್ವನಿ ಕೇಳಿತು. ಕಂಬದ ಆಚೆಗೆ, ಆದಷ್ಟು ದೂರದಲ್ಲಿ, ಕಂಬವನ್ನೇ ಹಿಡಿದುಕೊಂಡು ನಿಂತಿದ್ದರು. "ಸ್ವಿಚ್ಚು ಆಫ್ ಐತಾ?"

ಕೃಪಾ ನೋಡಿದಳು. "ಆಫ್ ಇದೆ."

"ಗಾಡಿ ಕೀಲಿ?"

"ಜೇಬಲ್ಲಿದೆ."

"ಊಂ. ಮುಂದುಕ್ಕೆ?"

"ಕೆಂಪು ಮೊದಲು." ಕೆಂಪು ಕ್ಲಿಪ್ಪನ್ನು ಪ್ಲಸ್ ಗುರುತಿನ ಮೊಳೆಗೆ ಕಚ್ಚಿಸಿ, ಅಲುಗಾಡಿಸಿ ನೋಡಿದಳು. ಗಟ್ಟಿಯಾಗಿತ್ತು. ಕಪ್ಪನ್ನು ಹಿಡಿದು ಒಂದು ಕ್ಷಣ ನಿಂತಳು. ಬ್ಯಾಟರಿಯಿಂದ ದೂರ, ಇಂಜಿನ್ ಪಕ್ಕದ ಬೆತ್ತಲೆ ಬೋಲ್ಟಿಗೆ ಹಾಕಿದಳು. ಏನೂ ಆಗಲಿಲ್ಲ. ತಂತಿ ಫ್ಯಾನಿಗೆ ತಾಗದಂತೆ ಬದಿಗೆ ಸರಿಸಿದಳು. ಕಂಬದ ಹತ್ತಿರ ಬಂದು ಸ್ವಿಚ್ಚಿನ ಮೇಲೆ ಬೆರಳಿಟ್ಟು ಭದ್ರಮ್ಮನ ಮುಖ ನೋಡಿದಳು. ಭದ್ರಮ್ಮ ಕಣ್ಣು ಮುಚ್ಚಿಕೊಂಡು ತಲೆ ಆಡಿಸಿದರು.

ಡಬ್ಬಿಯ ಮೇಲೆ ಹಳದಿ ದೀಪ ಹತ್ತಿತು.

"ಮುಗೀತಾ?" ಎಂದರು ಭದ್ರಮ್ಮ, ಇನ್ನೂ ಕಣ್ಣು ಮುಚ್ಚಿಕೊಂಡೇ.

"ಮುಗೀತು ಅಮ್ಮಾ."

ಭದ್ರಮ್ಮ ಕಣ್ಣು ಬಿಟ್ಟು, ಹೆಜ್ಜೆ ಹೆಜ್ಜೆಗೂ ನಿಂತು ನಿಂತು, ಕಾರಿನ ಹತ್ತಿರ ಬಂದರು. ದೀಪವನ್ನು ಬಗ್ಗಿ ನೋಡಿದರು. ಮೂಗು ಹಿಗ್ಗಿಸಿ ಸುಟ್ಟ ವಾಸನೆ ಇದೆಯೇ ಎಂದು ಮೂಸಿದರು. ಆಮೇಲೆ ಒಳಗಿಂದ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎಳೆದು ತಂದು ಅಲ್ಲೇ ಹಾಕಿಕೊಂಡು ಕೂತರು.

"ನೀ ಮೇಲೋಗಿ ಮಗೀಗೆ ಬಿಸಿನೀರು ಕಾಯ್ಸು. ನಾ ನೋಡ್ಕಂತಿರ್ತೀನಿ. ನಾಳೆ ನಂಗೂ ಹೇಳ್ಕೊಡು ಇದ್ನ. ನೀ ಆಸ್ಪತ್ರೆಗೆ ಓದಾಗ ಯಾರು ಆಕಾದು?"

ಕೃಪಾ ಹೋಗಲಿಲ್ಲ. ಮನಸ್ಸಿನಲ್ಲಿದ್ದ ಸಿಟ್ಟು ಪೂರ್ತಿ ಹೋಗಿತ್ತೆಂದಲ್ಲ. ಹೋಗುವುದೋ ಇಲ್ಲವೋ ಅವಳಿಗೂ ತಿಳಿಯದು. ಆದರೂ ಕುರ್ಚಿಯ ಪಕ್ಕ ನೆಲಕ್ಕೆ ಕೂತು, ಬ್ಯಾಂಡೇಜು ಸುತ್ತಿದ್ದ ಭದ್ರಮ್ಮನ ಪಾದ ನೋಡಿದಳು.

"ಗಾಯ ತುಂಬಾ ಆಗಿದ್ಯಾ ಅಮ್ಮಾ?" ಎಂದು ಕೇಳಿದಳು.